ಈಬತ್ತಿ ಪೆಟ್ಟಿಗೆಯ ತಿಕೀಟು

ಚನಬಸಪ್ಪನವರ ಮನೆಯಲ್ಲಿ ಟಪಾಲಿನ ತಿಕೀಟುಗಳಿಗೆ ದೇವರ ಜಗಲಿಯ ಮೇಲೆ ಜಾಗ ಸಿಕ್ಕದ್ದು ಜಿರಲೆಗಳ ದೆಸೆಯಿಂದ. ಗೋಡೆಯ ಮಾಡದಲ್ಲಿಟ್ಟ ತಿಕೀಟುಗಳ ಅಂಟನ್ನು ನೆಕ್ಕುತ್ತ ನೆಕ್ಕುತ್ತ ಅವು ರಾಜನ ಕಿವಿ, ಮೂಗನ್ನೂ ಬಿಟ್ಟಿರಲಿಲ್ಲ. "ಇನ್ನ ಇವನ್ನ ಜಿರಲೀನೂ ಮುಟ್ಟಬಾರದು, ಮನಶ್ಯಾರೂ ಮುಟ್ಟಬಾರದು" ಎಂದು ಯಜಮಾನರು ಹೊಸದಾಗಿ ತಂದ ತಿಕೀಟುಗಳನ್ನು ಕಾಗದದಲ್ಲಿ ಮಡಚಿ ತಮ್ಮ ವಿಭೂತಿ ಪೆಟ್ಟಿಗೆಯ, ಮನೆಯವರ ಮಾತಿನಲ್ಲಿ ಈಬತ್ತಿ ಪೆಟ್ಟಿಗೆಯ, ತಳದಲ್ಲಿಟ್ಟರು. ಸ್ನಾನ ಮಾಡದೆ ಆ ಪೆಟ್ಟಿಗೆಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಸ್ನಾನ ಮಾಡಿದವರೂ ಅವರನ್ನು ಕೇಳದೆ ಹಚ್ಚುತ್ತಿರಲಿಲ್ಲ. ಹಳಿಯಾಳದ ಸರಕಾರಿ ಖಜಾನೆಗೂ ಅಷ್ಟು ಕಾವಲಿರಲಿಕ್ಕಿಲ್ಲ.

ಇದು ೧೯೩೮ನೆಯ ಇಸವಿಯ ಮಾತು. ಊರು ಹಳಿಯಾಳದಿಂದ ಎರಡು ಹರದಾರಿ ಒಳಗೆ. ಟಪಾಲದ ಖಾಜಾಸಾಬ ವಾರಕ್ಕೆರಡು ಸಲ ಬಂದು ಕಾಗದ ಕೊಟ್ಟು, ಬರೆದಿಟ್ಟ ಕಾಗದ ಒಯ್ಯುತ್ತಿದ್ದ. ತಿಕೀಟು ಬೇಕೆಂದರೆ ಪೇಟೆಗೇ ಹೋಗಬೇಕು. ಅದಕ್ಕೇ ಚನಬಸಪ್ಪನವರು ಮಳೆಗಾಲ ಹಿಡಿಯುವ ಮೊದಲೇ ಹೊಸ ರಾಜನ ತಲೆಯಿದ್ದ ಒಂದಾಣೆಯ ಕೆಂಪು ತಿಕೀಟು ಹನ್ನೆರಡು ತಂದಿದ್ದರು. ಅವುಗಳ ಮೇಲೆ ಉಳವಿಯಿಂದ ತಂದ ವಿಭೂತಿ ಗಟ್ಟಿ. ದಿನಾ ಮುಂಜಾನೆ ಆ ಗಟ್ಟಿಯನ್ನು ನೀರಲ್ಲಿ ನೆನೆಸಿ, ಹಣೆಗೆ, ತೋಳಿಗೆ, ಎದೆಗೆ ಮೂರು ಬೆರಳು ಎಳೆದುಕೊಂಡು, ಹಸಿ ಗಟ್ಟಿಯನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು ಅವರ ನಲವತ್ತು ವರ್ಷದ ರೂಢಿ.

ದೀಪಾವಳಿ ಕಳೆದ ಮೇಲೆ ಮಳಗಿಗೆ ಒಂದು ಕಾಗದ ಹೋಗಬೇಕಾಯಿತು. ಮಗಳು ಈರಕ್ಕನನ್ನು ಮಳಗಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಆರು ತುಂಬಿ ಏಳರಲ್ಲಿ ಬಿದ್ದಿತ್ತು. ಕರೆತಂದು ಸೀಮಂತದ ಕುಬಸ ಮಾಡಿ, ಬಾಣಂತನ ತವರಿನಲ್ಲೇ ಆಗಬೇಕು. ಕಾಗದ ಬರೆಯುವುದು ಆ ಮನೆಯಲ್ಲಿ ಸೊಸೆ ಗಿರಿಜಾಳ ಕೆಲಸ. ಅವಳ ತಂದೆ ಮುಂಡಗೋಡದಲ್ಲಿ ಕನ್ನಡ ಸಾಲೆಯ ಮಾಸ್ತರರಾಗಿದ್ದವರು, ತೀರಿಕೊಂಡು ಎರಡು ವರ್ಷ. ಆಕೆಯ ಗಂಡ ಶೇಖಪ್ಪನಿಗೆ ಸಹಿ ಮಾಡುವಷ್ಟರಲ್ಲಿ ಬೆವರು ಬರುತ್ತಿತ್ತು.

ಪೂಜೆಯಿಂದ ಎದ್ದವರೇ ಚನಬಸಪ್ಪನವರು ಪೆಟ್ಟಿಗೆಯ ತಳಕ್ಕೆ ಬೆರಳು ತೂರಿಸಿ ಒಂದು ತಿಕೀಟು ಕಿತ್ತು ತೆಗೆದರು. ಚಸಮಾ ಪಡಸಾಲೆಯಲ್ಲಿತ್ತು. ದೇವರ ಮನೆಯಲ್ಲಿ ಒಂದೇ ದೀಪ.

"ತಗೋವಾ ಗಿರಿಜಾ. ನಾಕೂ ಮೂಲಿಗೆ ಅರಿಷಿಣ ಹಚ್ಚಿದ್ಯೋ ಇಲ್ಲೋ?"

"ಹಚ್ಚೇನ್ರಿ ಮಾವಾರ."

ತಿಕೀಟಿಗೆ ಅಂಟೇ ಇರಲಿಲ್ಲ. ಬಣ್ಣವೂ ಕೆಂಪಲ್ಲ, ಒಣಗಿದ ನೇರಳೆ ಹಣ್ಣಿನ ಸಿಪ್ಪೆಯಂತೆ ಕಂದಿತ್ತು. ಗಿರಿಜಾ ಒಂದು ಗಳಿಗೆ ತಿರುಗಿಸಿ ನೋಡಿದಳು. ಮಾವ ಕೊಟ್ಟದ್ದು, ಅದೂ ದೇವರ ಮನೆಯಿಂದ. ಅನ್ನದ ಅಗುಳು ನುರಿದು ಹಚ್ಚಿ, ಮೇಲೆ ಒತ್ತಿ, ಖಾಜಾಸಾಬನ ಕೈಗೆ ಕೊಟ್ಟಳು.

ಉತ್ತರ ಟಪಾಲಿನಲ್ಲಿ ಬರಲಿಲ್ಲ. ಹತ್ತು ದಿನದ ಮೇಲೆ ಬಳೆ ಮಾರುವ ರಹಿಮತಬಿಯ ಬುಟ್ಟಿಯಲ್ಲಿ ಬಂತು. ಮುಂಡಗೋಡ, ಮಳಗಿ, ಕಲಘಟಗಿ, ಹಳಿಯಾಳ ಎಂದು ಊರೂರು ತಿರುಗುವ ಹೆಂಗಸು. ಅವಳ ಬುಟ್ಟಿಯಲ್ಲಿ ಬಳೆಗಿಂತ ಮಾತು ಹೆಚ್ಚು. ಗಂಡಸರು ಊಟಕ್ಕೆ ಕೂತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಉಳ್ಳಾಗಡ್ಡಿ.

"ಗುರುಸಿದ್ದವ್ವಾ, ನಾ ಹೇಳೂದಲ್ಲ ಇದು, ನಿಮ್ಮ ಬೀಗರು ಹೇಳಿ ಕಳಿಸಿದ್ದು" ಎಂದು ರಹಿಮತಬಿ ಕಟ್ಟೆಯ ಮೇಲೆ ಕೂತು ಬುಟ್ಟಿಯ ತಳದಿಂದ ಒಂದು ಪಾಕೀಟು ತೆಗೆದಳು. "ನೀವು ಕಳಿಸಿದ ಕಾಗದ ಬೇರಿಂಗ್ ಆಗಿ ಬಂತಂತ. ಹಳೇ ತಿಕೀಟು ತೊಳದು ಹಚ್ಚ್ಯಾರ ಅಂತ ಟಪಾಲದಂವಾ ಬಾಗಲದಾಗ ನಿಂತು ಒದರಿದ. ಹತ್ತಿ ಬಿಡಸಾಕ ಬಂದ ಮಂದಿ ಇಪ್ಪತ್ತು ಆಳು ನೋಡಾಕತ್ತಿತ್ತು. ನಿಮ್ಮ ಬೀಗರು ಉಳವಪ್ಪನವರು ಎರಡಾಣೆ ದಂಡ ಎಣಿಸಿ ಕೊಟ್ಟು ಸೊಸಿ ಕುಬಸದ ಕಾಗದ ಬಿಡಿಸಿಕೊಂಡ್ರಂತ."

ಗುರುಸಿದ್ದವ್ವ ಬಡಿಯುತ್ತಿದ್ದ ರೊಟ್ಟಿ ಹಂಚಿನ ಮೇಲೆ ಹೊತ್ತಿತು. ಚನಬಸಪ್ಪನವರ ಧರ್ಮಪತ್ನಿ ಆಕೆ. 

"ಮತ್ತ ಏನಂದ್ರು?"

"ಒಂದಾಣೆಗೆ ಸೋತ ಮನಿಗೆ ನಮ್ಮ ಸೊಸಿನ್ನ ಬಾಣಂತನಕ್ಕ ಹೆಂಗ ಕಳಸೂಣು ಅಂದ್ರು ಮಹಾದೇವಕ್ಕ. ಬೀಗತಿ ಬಾಯಿ ನಿಮಗ ಗೊತ್ತ ಐತಲ್ಲ."

ರಹಿಮತಬಿ ಹೋದ ಮೇಲೆ ಪಾಕೀಟು ಕೈಯಿಂದ ಕೈಗೆ ತಿರುಗಿತು. ತಿಕೀಟಿನ ಒಂದು ಮೂಲೆ ಎದ್ದಿತ್ತು. ಕೆಳಗೆ ಒಣಗಿದ ಅಗುಳು ಕಾಣುತ್ತಿತ್ತು.

"ಅನ್ನ ಹಚ್ಚಿದವರ್ಯಾರು?" ಎಂದಳು ಗುರುಸಿದ್ದವ್ವ.

"ನಾನ ಹಚ್ಚೇನ್ರಿ ಅತ್ತಿಯಾರ. ಅಂಟು ಇರಲಿಲ್ಲ."

"ಹೊಸ ತಿಕೀಟಿಗೆ ಅಂಟು ಇರಂಗಿಲ್ಲ?"

"ಬಣ್ಣಾನೂ ಕಂದಿತ್ರಿ. ಮಾವಾರು ಕೊಟ್ಟದ್ದಂತ ಸುಮ್ಮನ ಹಚ್ಚಿದೆ."

ಗುರುಸಿದ್ದವ್ವ ಗಂಡನ ಕಡೆ ತಿರುಗಿದಳು. "ಏನ್ರಿ, ಕೇಳಿಸ್ತೇನ್ರಿ? ನೀವು ಕೊಟ್ಟದ್ದು ಕೆಂಪಿತ್ತೋ ಕಂದಿತ್ತೋ?"

ಚನಬಸಪ್ಪನವರು ತಾಟಿನಿಂದ ತಲೆ ಎತ್ತಲಿಲ್ಲ. ಊರಿನಲ್ಲಿ ಯಾರದೇ ಜಗಳವಿದ್ದರೂ ಅವರ ಕಟ್ಟೆಗೆ ಬರುತ್ತಿತ್ತು. ನೋಡಿಲ್ಲ ಎನ್ನುವ ಮಾತು ಅವರ ಬಾಯಿಗೆ ರೂಢಿಯಿರಲಿಲ್ಲ.

"ಕೆಂಪಿತ್ತು" ಎಂದರು.

ಅಷ್ಟೇ ಸಾಕಾಯಿತು. ಗಿರಿಜಾಳ ಹತ್ತಿರ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ತಂದೆಗೆ ಊರೂರಿಂದ ಬಂದ ಕಾಗದಗಳ ಹಳೇ ತಿಕೀಟುಗಳು ಅದರಲ್ಲಿ. ರಾಣಿಯ ತಲೆಯವು, ಗಡ್ಡದ ರಾಜನವು, ಈಚೆಗೆ ಈ ಮನೆಗೆ ಬಂದ ಕಾಗದಗಳಿಂದ ಬಿಡಿಸಿದ ಹೊಸ ರಾಜನವೂ ಒಂದೆರಡು. ಬಟ್ಟಲ ನೀರಲ್ಲಿ ನೆನೆಸಿ, ಬಿಡಿಸಿ, ಮೊರದಲ್ಲಿ ಒಣಗಿಸುವುದನ್ನು ಮನೆಯವರೆಲ್ಲ ನೋಡಿ ನಕ್ಕಿದ್ದರು. ಈಗ ಯಾರೂ ನಗಲಿಲ್ಲ.

"ಹೊಸಾದು ಡಬ್ಬಿಗೆ ಹೋತು, ಡಬ್ಬ್ಯಾಗಿಂದು ಪಾಕೀಟಿಗೆ ಬಂತು. ಅಲ್ಲೇನ?"

"ನಾ ಹಂಗ ಮಾಡಿಲ್ರಿ. ಬರೇ ನೀರಾಗ ತೊಳದ್ರ ಆ ಕೆಂಪು ಹಿಂಗ ಆಗಂಗಿಲ್ರಿ. ಹಸಿರಿಂದು ತೆಳುವಾಗ್ತೈತಿ, ಕೆಂಪು ಹಿಂಗ ನೇರಳಿ ತಿರಗಬೇಕಂದ್ರ ಸವಳು ತಾಗಬೇಕು, ನಮ್ಮಪ್ಪ ಅದಕ್ಕ ಕ್ಷಾರ ಅಂತಿದ್ರು."

"ಕೇಳ್ರಪಾ!" ಗುರುಸಿದ್ದವ್ವ ಹಣೆ ಬಡಿದುಕೊಂಡಳು. "ಯಾವದಕ್ಕ ಏನು ಹಾಕಿದ್ರ ಏನಾಗ್ತೈತಿ ಅನ್ನೂದು ಸೈತ ಇಕಿಗೆ ಬಾಯಿಪಾಠ ಐತಿ. ಇನ್ನ ಸಾಕ್ಷಿ ಬೇಕೇನು?"

ಶೇಖಪ್ಪ ಉಳ್ಳಾಗಡ್ಡಿ ಕಡಿಯುವುದನ್ನು ನಿಲ್ಲಿಸಿ ಹೇಳಿದ: "ತಪ್ಪಾತು ಅಂದು ಬಿಡ. ಮುಗೀತೈತಿ."

"ಮಾಡದ್ದನ್ನ ಹೆಂಗ ಅನ್ನಲಿ?"

"ಅಪ್ಪಾ ಸುಳ್ಳು ಹೇಳ್ತಾನಂತಿ ಏನು ಮತ್ತ?"

ಆ ಸಂಜೆ ಬಚ್ಚಲ ಒಲೆಯಲ್ಲಿ ನೀರು ಕಾಯಿಸಲು ಗುರುಸಿದ್ದವ್ವ ಮೊದಲು ಹಾಕಿದ್ದು ಡಬ್ಬಿಯೊಳಗಿನ ತಿಕೀಟುಗಳನ್ನು. ಖಾಲಿ ಡಬ್ಬಿಯನ್ನು ತೊಳೆದು ಜೀರಿಗೆ ತುಂಬಿ ಅಡಿಗೆ ಮನೆಯಲ್ಲಿಟ್ಟಳು. ಗಿರಿಜಾ ದಿನಕ್ಕೆ ನಾಕು ಸಲ ಆ ಡಬ್ಬಿ ತೆಗೆದು ಒಗ್ಗರಣೆ ಹಾಕಬೇಕಾಯಿತು.

ಆಮೇಲೆ ಮನೆಯ ರೀತಿ ಬದಲಾಯಿತು. ತುಪ್ಪದ ಗಡಿಗೆ ಅಡಿಗೆ ಮನೆಯಿಂದ ಅತ್ತೆಯ ಕೋಣೆಗೆ ಹೋಯಿತು. ಸಂತೆಗೆ ಕಳಿಸಿದರೆ ಕೊತ್ತಂಬರಿ ಕಟ್ಟುಗಳನ್ನು ಎಣಿಸಿ ತೆಗೆದುಕೊಂಡರು. ಗಿರಿಜಾ ಎರಡೇ ರೊಟ್ಟಿ ಉಂಡು ಏಳತೊಡಗಿದಳು. ಮಳಗಿಯಿಂದ ಮುಂಡಗೋಡ ದೂರವೇನಲ್ಲ. ಅವಳ ತಾಯಿಗೂ ಮಾತು ಮುಟ್ಟಿತು. 'ಮಾಸ್ತರರ ಮಗಳು ಹಿಂಗ ಮಾಡಿದಳಂತ' ಎಂದು ಬಾವಿಯ ಹತ್ತಿರ ಆಡಿಕೊಂಡರೆಂದು ತಾಯಿ ಯಾರ ಕೈಯಲ್ಲೋ ಬರೆಸಿ ಕಳಿಸಿದಳು. ಆ ಕಾಗದದ ತಿಕೀಟು ಒಳ್ಳೇ ಕೆಂಪಗಿತ್ತು.

ವಾರ ಕಳೆಯಿತು. ಬೀಗರಿಗೆ ಸಮಾಧಾನದ ಕಾಗದ ಬರೆಯಿಸಬೇಕೆಂದು ಚನಬಸಪ್ಪನವರು ಮತ್ತೆ ಪೆಟ್ಟಿಗೆ ತೆರೆದರು. ಈ ಸಲ ಚಸಮಾ ಹಾಕಿಕೊಂಡಿದ್ದರು. ಗಟ್ಟಿಯನ್ನು ಬದಿಗಿಟ್ಟು ಮಡಿಕೆ ಬಿಚ್ಚಿದರು. ಕಾಗದ ನೆಂದು ನೆಂದು ಒಣಗಿ ಹಪ್ಪಳದಂತಾಗಿತ್ತು. ಖರ್ಚಾಗಿ ಉಳಿದ ಆರು ತಿಕೀಟು ಅದಕ್ಕೇ ಅಂಟಿಕೊಂಡಿದ್ದವು. ವಿಭೂತಿಯ ಹಸಿ ತಾಗಿದ ಮೇಲಿನ ನಾಕೂ ತಿಕೀಟು ಕಂದು ನೇರಳೆ; ಅಡಿಯಲ್ಲಿದ್ದ ಒಂದರ ಅರ್ಧ ಮುಖ ಕಂದು, ಅರ್ಧ ಕೆಂಪು. ಎಲ್ಲಕ್ಕಿಂತ ಕೆಳಗಿನದು ಮಾತ್ರ ತಂದ ದಿನದ ಹಾಗೇ ಇತ್ತು.

ಸವಳು ತಾಗಬೇಕು ಎಂದಿದ್ದಳು ಹುಡುಗಿ. ಬೂದಿಗಿಂತ ಸವಳು ಯಾವುದು? ಅವರ ಮನೆಯ ಅರಿವೆ ಅಗಸ ಬೂದಿ ನೀರಲ್ಲೇ ಕುದಿಸುತ್ತಿದ್ದ.

"ಏನ್ರಿ, ಎಷ್ಟೊತ್ತು? ಉಪ್ಪಿಟ್ಟು ಆರಾಕತ್ತೈತಿ" ಎಂದು ಹೊರಗಿನಿಂದ ಗುರುಸಿದ್ದವ್ವ ಕೂಗಿದಳು.

ಚನಬಸಪ್ಪನವರು ಮಡಿಕೆಯನ್ನು ಇದ್ದ ಹಾಗೇ ಮಡಚಿ ಗಟ್ಟಿಯ ಕೆಳಗಿಟ್ಟರು. ಹೊರಗೆ ಬಂದು, "ತಿಕೀಟು ತೀರ್ಯಾವ. ಪ್ಯಾಟಿಗೆ ಹೋಗಿ ತರಬೇಕು" ಎಂದರು.

ಹೇಳಿಬಿಡಬೇಕೆಂದು ಅವರಿಗೆ ಅವತ್ತೇ ಅನಿಸಿತು. ಸಂಜೆ ಹೇಳೋಣವೆಂದುಕೊಂಡರು. ಸಂಜೆ ಕಟ್ಟೆಗೆ ಇಬ್ಬರು ಅಣ್ಣತಮ್ಮಂದಿರು ಬದುವಿನ ಜಗಳ ತಂದರು. "ನೀವು ಒಮ್ಮೆ ಅಂದ್ರ ಅದು ಖರೇನ ಇರ್ತೈತ್ರಿ, ಮತ್ತ ಕೇಳೂದಿಲ್ಲ" ಎಂದು ಕಾಲು ಮುಟ್ಟಿ ಎದ್ದುಹೋದರು. ಆ ಮಾತು ಕೇಳಿದ ಮೇಲೆ ಬಾಯಿ ಇನ್ನಷ್ಟು ಬಿಗಿಯಿತು. ಅದರ ಬದಲು ಅವರು ಬೇರೇನೇನೋ ಮಾಡತೊಡಗಿದರು. ಸಂತೆಯಿಂದ ಗಿರಿಜಾಳಿಗೆಂದು ಬೆಲ್ಲದುಂಡಿ ತಂದರು. ಊಟಕ್ಕೆ ಕೂತಾಗ, "ಗಿರಿಜಾಗ ಇನ್ನೊಂದು ರೊಟ್ಟಿ ಹಾಕ" ಎಂದರು.

"ಕದ್ದವರಿಗೆ ಉಪಚಾರ ಜಾಸ್ತಿ ಆತು ಈ ಮನ್ಯಾಗ" ಎಂದಳು ಗುರುಸಿದ್ದವ್ವ.

"ಬ್ಯಾಡ್ರಿ ಮಾವಾರ, ಹೊಟ್ಟಿ ತುಂಬೇತಿ" ಎಂದಳು ಗಿರಿಜಾ. ಉಂಡಿಯನ್ನು ಅವಳು ಮುಟ್ಟಲೇ ಇಲ್ಲ. ಅದಕ್ಕೆ ಇರುವೆ ಹತ್ತಿತು.

ಅಷ್ಟರಲ್ಲಿ ರಹಿಮತಬಿ ಮತ್ತೆ ಬಂದಳು. ಬೀಗರು ಸೊಸೆಯನ್ನು ಕಳಿಸಲು ಒಪ್ಪಿದ್ದರು, ಒಂದೇ ಮಾತಿನ ಮೇಲೆ. ಮಾಡಿದವರು ಬಂದು ತಪ್ಪಾಯಿತು ಎನ್ನಬೇಕು. ಎಂಟನೇ ತಿಂಗಳು ಬಿತ್ತೆಂದರೆ ಬಸುರಿಯನ್ನು ಗಾಡಿ ಹತ್ತಿಸುವಂತಿಲ್ಲ. ಉಳಿದದ್ದು ಒಂಬತ್ತು ದಿನ.

"ಇಕಿನ್ನ ಕರಕೊಂಡು ಹೋಗೋ ಶೇಖಪ್ಪಾ" ಎಂದಳು ಗುರುಸಿದ್ದವ್ವ. "ಕಾಲಿಗೆ ಬಿದ್ದು, ಒಂದು ಮಾತು ಅಂದು, ನನ್ನ ಮಗಳನ್ನ ಕರಕೊಂಡು ಬರ್ಲಿ. ಏನ್ರಿ, ನೀವೂ ಒಂದು ಮಾತು ಹೇಳ್ರಿ."

ಗಿರಿಜಾ ಬಾಗಿಲಲ್ಲಿ ನಿಂತು ಮಾವನ ಕಡೆ ನೋಡಿದಳು. ಇಷ್ಟು ದಿನದಲ್ಲಿ ಅವಳು ಅವರ ಮುಖ ನೇರವಾಗಿ ನೋಡಿದ್ದು ಅದೇ ಮೊದಲು. ಚನಬಸಪ್ಪನವರು ಅಡಿಕೆ ಕತ್ತರಿಸುತ್ತಿದ್ದರು.

"ಹೋಗಿ ಬರ್ಲಿ" ಎಂದರು.

ಹಳಿಯಾಳದಲ್ಲಿ ಮೋಟಾರು ಹಿಡಿದು, ಮುಂಡಗೋಡದಲ್ಲಿ ಇಳಿದು, ಅಲ್ಲಿಂದ ಚಕ್ಕಡಿಯಲ್ಲಿ ಮಳಗಿ. ತವರಿನ ಓಣಿ ದಾಟುವಾಗ ಗಿರಿಜಾ ಸೆರಗು ಮುಖಕ್ಕೆಳೆದು ಕೂತಳೆಂದು ಶೇಖಪ್ಪ ಹೇಳಿದ. ಉಳಿದದ್ದನ್ನು ಈರಕ್ಕ ಹೇಳಿದಳು, ಬಂದ ದಿನವೇ, ಎಲ್ಲರೂ ಉಣ್ಣುತ್ತಿದ್ದಾಗ.

"ಯಪ್ಪಾ, ವೈನಿ ನಮ್ಮತ್ತಿ ಕಾಲಿಗೆ ಬಿದ್ದು ನನ್ನಿಂದ ತಪ್ಪಾತ್ರಿ ಅಂದ್ರು. ನಮ್ಮತ್ತಿ ಏನಂದ್ಳು ಗೊತ್ತೇನು? ತೊಳಿಯೂದು ನಿನಗ ಛಲೋ ಬರ್ತೈತಂತ, ನಮ್ಮ ಮನೀ ಭಾಂಡೆ ಒಂದೀಟು ತೊಳದು ಹೋಗು ಅಂದ್ಳು. ವೈನಿ ಸೀರಿ ಕಚ್ಚಿ ಕಟ್ಟಿ ಕೂತ್ರು ನೋಡು, ಆಳುಮಂದೀದೂ ಸೇರಿ ಮೂವತ್ತು ತಾಟು. ಅಣ್ಣ ಕಟ್ಟಿ ಮ್ಯಾಲ ಕೂತು ಎಲಿ ತಿನ್ನಾಕತ್ತಿದ್ದ. ನಾ ಏಳಾಕ ಹೋದ್ರ, ಬಸುರಿ ನೀ ಸುಮ್ಮನಿರು ಅಂದ್ಳು ಅತ್ತಿ."

"ಆದದ್ದು ಆತು" ಎಂದಳು ಗುರುಸಿದ್ದವ್ವ. ಆದರೆ ಆಕೆಯ ದನಿಯೂ ಸಣ್ಣಗಿತ್ತು.

ಚನಬಸಪ್ಪನವರ ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅವರು ತಾಟಿನಲ್ಲಿ ಅಗುಳು ಬಿಡುವವರಲ್ಲ. ಉಂಡ ತಾಟಿಗೆ ನೀರು ಹಾಕಿ ಕುಡಿಯುವ ನೇಮ. ಆ ಅರ್ಧ ರೊಟ್ಟಿಯನ್ನು ಅವರು ಬಹಳ ಹೊತ್ತು ಅಗಿದರು.

ಕುಬಸದ ದಿನ ಮಳಗಿಯಿಂದ ಉಳವಪ್ಪ, ಮಹಾದೇವಕ್ಕ ಬಂದರು. ಈರಕ್ಕ ಹಸಿರು ಸೀರೆ ಉಟ್ಟು, ರಹಿಮತಬಿ ಇಡಿಸಿದ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಐದು ಜನ ಮುತ್ತೈದೆಯರು ಆರತಿ ಎತ್ತಬೇಕು. ಗಿರಿಜಾಳನ್ನು ಐವರಲ್ಲಿ ಕರೆಯಲಿಲ್ಲ. ಅವಳು ಪಡಸಾಲೆಯ ಮೂಲೆಯಲ್ಲಿ ಆರತಿಯ ನೀರು ಕಲಸುತ್ತಿದ್ದಳು. ಅರಿಷಿಣದ ಹಳದಿ ನೀರಿಗೆ ಒಂದು ಚಿಟಿಕೆ ಸುಣ್ಣ ಬಿಟ್ಟು ಬೆರಳಾಡಿಸಿದಳು. ನೀರು ಕೆಂಪಾಯಿತು.

ಇದನ್ನು ಚನಬಸಪ್ಪನವರು ಹುಟ್ಟಿದಾಗಿನಿಂದ ನೋಡಿದ್ದರು. ಇಷ್ಟು ಹೆಂಗಸರು ಕೂತಿದ್ದಾರೆ, ಎಲ್ಲರೂ ದಿನಾ ಇದನ್ನೇ ಮಾಡುವವರು, ಸುಣ್ಣ ತಾಗಿ ಅರಿಷಿಣ ತಿರುಗುವ ಹಾಗೇ ತಿಕೀಟಿನ ಬಣ್ಣವೂ ತಿರುಗೀತೆಂದು ಒಬ್ಬಳಿಗೂ ಹೊಳೆಯಲಿಲ್ಲವಲ್ಲ ಎನಿಸಿತು. ತಮಗೆ ಹೊಳೆದಿತ್ತು. ಹೊಳೆದು ಹದಿನೆಂಟು ದಿನವಾಗಿತ್ತು.

ಎದ್ದು ದೇವರ ಮನೆಗೆ ಹೋಗಿ ಪೆಟ್ಟಿಗೆಯನ್ನೇ ತಂದು ಬೀಗರ ಮುಂದೆ ಇಟ್ಟರು.

"ಅಯ್ಯ, ಅದನ್ಯಾಕ ಹೊರಗ ತಂದ್ರಿ?" ಎಂದು ಗುರುಸಿದ್ದವ್ವ ಗಾಬರಿಯಾದಳು.

"ಬೀಗರ, ನೋಡ್ರಿಲ್ಲೆ." ಅವರು ಮಡಿಕೆ ಬಿಚ್ಚಿದರು. "ಅವತ್ತು ನಿಮಗ ಬಂದ ತಿಕೀಟು ಇದರಾಗಿಂದು. ಹಸಿ ಈಬತ್ತಿ ತಾಗಿ ಹಿಂಗಾಗ್ಯಾವ. ಕೊಟ್ಟಾವ ನಾನು. ಕೆಂಪಿತ್ತು ಅಂದಾವ ನಾನು. ನೋಡಿರಲಿಲ್ಲ. ಆಮ್ಯಾಲ ನೋಡಿದೆ, ನೋಡಿನೂ ಸುಮ್ಮನಿದ್ದೆ."

ಚನಬಸಪ್ಪನವರು ಬೈಗುಳಕ್ಕೆ ತಲೆ ಬಗ್ಗಿಸಿ ಕೂತರು. ಬಂದದ್ದು ಬೈಗುಳವಲ್ಲ. ಉಳವಪ್ಪ ಜೋರಾಗಿ ನಕ್ಕ.

"ಅಲ್ರೀ ಬೀಗರ, ಇಷ್ಟಕ್ಕ ಕಣ್ಣಾಗ ನೀರ ತಂದೀರಲ್ರಿ! ಈಬತ್ತಿ ತಾಗಿದ ಕಾಗದ ನಮ್ಮ ಮನಿಗೆ ಬಂತಂದ್ರ ಪುಣ್ಯ ಅನ್ರಿ. ಮಂದಿ ಮುಂದ ತಮ್ಮ ತಪ್ಪು ತಾವ ಹೇಳೂವಂತಾವರು ಈಗ ಎಲ್ಲಿ ಅದಾರ?"

"ದೊಡ್ಡ ಮನಸು" ಎಂದರು ಒಬ್ಬರು. "ಅದಕ್ಕ ಊರಾಗ ಅವರ ಮಾತು ನಡೀತೈತಿ" ಎಂದರು ಇನ್ನೊಬ್ಬರು. ಮಹಾದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ಈರಕ್ಕನ ಅಪ್ಪ ಅಂದ್ರ ಹಂಗ" ಎಂದಳು. ಗುರುಸಿದ್ದವ್ವ ಪೆಟ್ಟಿಗೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಒಳಗೆ ಒಯ್ದಳು. ಆರತಿ ಎತ್ತಿದರು, ಹಾಡು ಹೇಳಿದರು. ಹೋಳಿಗೆ ಊಟದ ತುಂಬ ಅದೇ ಮಾತು. ಹನ್ನೆರಡು ತಿಕೀಟಿನ ಕಥೆ ತುಪ್ಪದ ಜೊತೆ ತಾಟಿನಿಂದ ತಾಟಿಗೆ ಹರಿಯಿತು. ಬಡಿಸುತ್ತಿದ್ದವಳು ಗಿರಿಜಾ. ಅವಳಿಗೆ ಯಾರೋ, "ಇನ್ನೊಂದು ಹೋಳಿಗಿ ತಾರವಾ" ಎಂದರು.

ಊಟವಾದ ಮೇಲೆ ಚನಬಸಪ್ಪನವರು ಹಿತ್ತಲಿಗೆ ಬಂದರು. ಗಿರಿಜಾ ತಾಟುಗಳ ರಾಶಿಯ ಮುಂದೆ ಕೂತು ಒಲೆ ಬೂದಿಯಿಂದ ತಿಕ್ಕುತ್ತಿದ್ದಳು. ಮೊಣಕೈವರೆಗೆ ಬೂದಿ. ಅವರು ಧೋತರ ಮೇಲೆತ್ತಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ಒಂದು ತಾಟು ಎಳೆದುಕೊಂಡರು.

"ಏಳ್ರಿ ಮಾವಾರ."

"ಮಂದಿ ನೋಡಿದ್ರ ನೋಡ್ಲಿ."

"ಅದಕ್ಕ ಅಂದೇರಿ." ಗಿರಿಜಾ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನೋಡಿದ್ರ ಇದರಿಂದನೂ ನಿಮಗ ಹೆಸರು ಬರ್ತೈತಿ."

ಅವರು ತಾಟನ್ನು ಕೆಳಗಿಟ್ಟರು. ಒಳಗೆ ಮಹಾದೇವಕ್ಕನ ನಗೆ ಕೇಳುತ್ತಿತ್ತು.

"ಮತ್ತ ಏನು ಮಾಡ್ಲಿ ಯವ್ವಾ? ಎಲ್ಲಾ ಹೇಳಿದೆನಲ್ಲ."

"ನಿಮ್ಮ ತಪ್ಪು ನೀವು ಹೇಳಿಕೊಂಡ್ರಿ. ನಂದು ತಪ್ಪಿಲ್ಲಂತ ಯಾರೂ ಅನ್ನಲಿಲ್ಲ." ಅವಳು ತಾಟಿನ ಮೇಲೆ ನೀರು ಸುರಿದಳು. "ನಮ್ಮವ್ವ ಮುಂಡಗೋಡದಾಗ ಬಾವಿಗೆ ಹೋಗೂದು ಬಿಟ್ಟಾಳ್ರಿ."

ಚನಬಸಪ್ಪನವರು ಎದ್ದರು. ಪಡಸಾಲೆಯ ಬಾಗಿಲಿಗೆ ಬಂದು ನಿಂತರು. ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಬರ್ರಿ ಬೀಗರ, ಕೂಡ್ರಿ" ಎಂದು ಉಳವಪ್ಪ ತನ್ನ ಪಕ್ಕದಲ್ಲಿ ಜಾಗ ಮಾಡಿದ. ಮುಂಜಾನೆಯ ಮಾತು ಹೇಳುವಾಗ ಕೈಯಲ್ಲಿ ಪೆಟ್ಟಿಗೆ ಇತ್ತು, ವಿಭೂತಿ ಇತ್ತು. ಈಗ ಏನೂ ಇರಲಿಲ್ಲ.

"ಬೀಗತಿಯಾರ" ಎಂದರು ನಿಂತುಕೊಂಡೇ. "ಗಿರಿಜಾ ಕಳ್ಳಿ ಅಲ್ಲ. ನೀವು ಆಕಿ ಕಡಿಂದ ತಾಟು ತೊಳಿಸಿದ್ರಿ." ಹೆಂಡತಿಯ ಕಡೆ ತಿರುಗಿದರು. "ಏ ಇಕಿನ, ನೀ ಆಕೀ ಅಪ್ಪನ ತಿಕೀಟು ಸುಟ್ಟಿ. ಶೇಖಪ್ಪಾ, ನೀ ನೋಡಕೋತ ಕೂತಿ. ನಾ ಹೋಗಿ ಬರ್ಲಿ ಅಂದೆ. ಆಕೀದು ಏನೂ ತಪ್ಪಿಲ್ಲ. ನಾಳೆ ನಾನ ಮುಂಡಗೋಡಕ್ಕ ಹೋಗಿ ಆಕೀ ತಾಯಿಗೆ ಇದನ್ನ ಹೇಳಾವ ಅದೇನಿ. ನೀವು ಮಳಗ್ಯಾಗ ಹೇಳ್ರಿ, ಆ ಆಳುಮಂದಿ ಮುಂದನ."

ಈ ಸಲ ಉಳವಪ್ಪ ನಗಲಿಲ್ಲ. ದೊಡ್ಡ ಮನಸು ಎಂದು ಯಾರೂ ಅನ್ನಲಿಲ್ಲ. ಮಹಾದೇವಕ್ಕ ಮಡಚಿದ ಎಲೆಯನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದಿದ್ದಳು. ಶೇಖಪ್ಪ ಅಡಿಕೆ ತಟ್ಟೆಯನ್ನು ಸುಮ್ಮನೆ ಆಚೆ ಈಚೆ ಸರಿಸಿದ. ಗುರುಸಿದ್ದವ್ವ ಎದ್ದು ಅಡಿಗೆ ಮನೆಗೆ ಹೋದಳು. ಬಿಸ್ಕೀಟಿನ ಡಬ್ಬಿಯಿಂದ ಜೀರಿಗೆ ಮೊರಕ್ಕೆ ಸುರಿದ ಸಪ್ಪಳ ಕೇಳಿಸಿತು.

ಹಿತ್ತಲಲ್ಲಿ ತಾಟು ತಿಕ್ಕುವ ಸದ್ದು ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು. ತೊಳೆಯಬೇಕಾದ ತಾಟು ಇನ್ನೂ ಬಹಳ ಇದ್ದವು.